ತೆಂಗಿನೆಣ್ಣೆ ಹೆಪ್ಪುಗಟ್ಟುವ ಊರು

ನಮ್ಮ ಮನೆಯಲ್ಲಿ ಎರಡು ಎಣ್ಣೆಗಳಿದ್ದವು, ಒಂದು ಕೆಂಪು, ಇನ್ನೊಂದು ಬಿಳಿ. ಕೆಂಪು ಅಪ್ಪನದು, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವುದು. ಬಿಳಿ ಅಮ್ಮನದು, ತೆಂಗಿನೆಣ್ಣೆ. ಹೀಗೆ ಬರೆದ ಕೂಡಲೇ ನನಗೆ ನನ್ನ ಮೇಲೆ ಸಂಶಯ ಬರುತ್ತದೆ. ಯಾವ ಮನೆಯೂ ಇಷ್ಟು ಸಲೀಸಾಗಿ ಎರಡು ಬಣ್ಣಗಳಾಗಿ ನೆನಪಿಗೆ ಬರುವುದಿಲ್ಲ. ಬಂದರೆ, ಆಮೇಲೆ ಯಾರೋ ಕೂತು ಬಣ್ಣ ಬಳಿದಿದ್ದಾರೆ ಅಂತಲೇ ಅರ್ಥ. ನಿಜ ಹೇಳಬೇಕೆಂದರೆ ಸಿಡ್ನಿಯಲ್ಲಿದ್ದಾಗ ತೆಂಗಿನೆಣ್ಣೆ ಬಿಳಿಯಾಗಿರಲಿಲ್ಲ. ಚಳಿಗಾಲದ ಕೆಲವು ಬೆಳಗುಗಳನ್ನು ಬಿಟ್ಟರೆ ಅದು ಮಂಗಳೂರಿನಲ್ಲಿದ್ದ ಹಾಗೆಯೇ, ನೀರಿನ ಹಾಗೆ, ನೀಲಿ ಬಾಟಲಿಯ ಮೂತಿಯಿಂದ ಅಮ್ಮನ ಅಂಗೈಗೆ ಇಳಿಯುತ್ತಿತ್ತು. ಅದು ಬಿಳಿಯಾದದ್ದು ಮೆಲ್ಬರ್ನಿನಲ್ಲಿ. ಹಾಗಾಗಿ ನಾನು ಹೇಳಹೊರಟಿರುವ ಎಲ್ಲವೂ ಮೆಲ್ಬರ್ನಿನ ಮೊದಲ ಚಳಿಗಾಲದಲ್ಲಿ ನಡೆದದ್ದು, ಸಿಡ್ನಿಯ ವರ್ಷಗಳನ್ನು ನಾನು ಆ ಚಳಿಗಾಲದ ಕಿಟಕಿಯಿಂದಲೇ ನೋಡುತ್ತಿರುವುದು. ಕಿಟಕಿಯ ಗಾಜು ಅಷ್ಟೇನೂ ಚೊಕ್ಕವಾಗಿಲ್ಲ.

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ನಮ್ಮದು ಎರಡು ಕೋಣೆಯ ಯೂನಿಟ್, ಅಂದರೆ ಫ್ಲ್ಯಾಟು. ಊಟದ ಮೇಜು ಒಂದೇ, ಅದರ ಅರ್ಧ ಅಪ್ಪನದು. ಅಪ್ಪ ಮಂಗಳೂರಿನ ಬಸ್ ಗ್ಯಾರೇಜಿನಲ್ಲಿ ಕೆಲಸ ಕಲಿತು, ಕುವೈತಿಗೆ ಹೋಗಿ, ಅಲ್ಲಿನ ಶ್ರೀಮಂತರು ಮರಳಿನಲ್ಲಿ ಓಡಿಸಿ ಹಾಳುಮಾಡಿದ ದೊಡ್ಡ ದೊಡ್ಡ ಅಮೆರಿಕನ್ ಕಾರುಗಳ ಗೇರ್‌ಬಾಕ್ಸು ಬಿಚ್ಚಿ ಕಟ್ಟುವುದರಲ್ಲಿ ಪಳಗಿದವನು. ಆ ಕೈಗುಣದಿಂದಲೇ ನಮಗೆ ಆಸ್ಟ್ರೇಲಿಯಾದ ವೀಸಾ ಸಿಕ್ಕಿದ್ದು. ರಾಸ್ ಎಂಬ ಒಬ್ಬ ಆಸ್ಟ್ರೇಲಿಯನ್ನನ ವರ್ಕ್‌ಶಾಪಿನಲ್ಲಿ ಅಪ್ಪನಿಗೆ ಕೆಲಸ. ಅಲ್ಲಿಗೆ ಬರುತ್ತಿದ್ದವೆಲ್ಲ ಅಪ್ಪನಷ್ಟೇ ವಯಸ್ಸಿನ ಅಮೆರಿಕನ್ ಕಾರುಗಳು, ಎಡಗಡೆ ಸ್ಟಿಯರಿಂಗು, ಎಂಟು ಸಿಲಿಂಡರು, ಹಾಸಿಗೆಯಷ್ಟು ಅಗಲದ ಸೀಟು. ವರ್ಕ್‌ಶಾಪಿನಲ್ಲಿ ಮುಗಿಯದ್ದನ್ನು ಅಪ್ಪ ಮನೆಗೆ ತರುತ್ತಿದ್ದ. ಗೇರ್‌ಬಾಕ್ಸಿನ ಹೊಟ್ಟೆಯಲ್ಲಿರುವ ಒಂದು ಅಲ್ಯುಮಿನಿಯಂ ಹಲಗೆ, ಅದರ ತುಂಬ ಹುಳು ಕೊರೆದ ಹಾಗೆ ಕಾಲುವೆಗಳು. ಅದರ ಹೆಸರು ವಾಲ್ವ್ ಬಾಡಿ. ಅಪ್ಪ ಅದನ್ನು ನಮ್ಮ ಸಾರಿನ ಪಾತ್ರೆಯ ಪಕ್ಕ ಪೇಪರಿನ ಮೇಲೆ ಇಟ್ಟು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಿದ್ದ. ನಾವು ಉಣ್ಣುತ್ತಿದ್ದೆವು. ಕೆಂಪೆಣ್ಣೆಯ ಸಿಹಿ ವಾಸನೆ ಇಲ್ಲದ ಒಂದು ಊಟವೂ ಆ ಯೂನಿಟ್ಟಿನಲ್ಲಿ ಆದದ್ದು ನನಗೆ ನೆನಪಿಲ್ಲ. ಅಮ್ಮ ಅದರ ಬಗ್ಗೆ ಜಗಳ ಮಾಡುತ್ತಿದ್ದಳು, ಆದರೆ ಕುಶಾಲಿನ ಜಗಳ. ಗೇರ್‌ಬಾಕ್ಸಿಗೆ ಬಡಿಸಿ ಆಯ್ತಾ, ಇನ್ನು ಮಕ್ಕಳಿಗೆ ಬಡಿಸಲಾ ಎಂದು ಕೇಳುತ್ತಿದ್ದಳು.

ಆ ಕಾಲುವೆಗಳಲ್ಲಿ ಕೆಲವು ಕಡೆ ಕಡಲೆಕಾಳಿನ ಗಾತ್ರದ ಉಕ್ಕಿನ ಗುಂಡುಗಳು ಕೂರುತ್ತವೆ. ಎಣ್ಣೆ ಒಂದು ದಿಕ್ಕಿನಿಂದ ಬಂದರೆ ಗುಂಡು ಸರಿದು ದಾರಿ ಬಿಡುತ್ತದೆ, ಇನ್ನೊಂದು ದಿಕ್ಕಿನಿಂದ ಬಂದರೆ ತೂತನ್ನು ಮುಚ್ಚಿ ಕೂರುತ್ತದೆ. ಅಷ್ಟೇ ಅದರ ಕೆಲಸ. ನನಗೆ ಮತ್ತು ತಮ್ಮ ಅನೂಪನಿಗೆ ಅಪ್ಪ ಇದನ್ನು ವಿವರಿಸಿದ್ದು ಅನ್ನದ ಕಾಳು ಮತ್ತು ಮಜ್ಜಿಗೆ ಇಟ್ಟುಕೊಂಡು. ಎಂಜಿನ್ನಿನ ಉಸಿರನ್ನು ಗೇರ್‌ಬಾಕ್ಸು ಒಂದು ಸಣ್ಣ ರಬ್ಬರ್ ನಳಿಗೆಯ ಮೂಲಕ ಕೇಳಿಸಿಕೊಳ್ಳುತ್ತಿರುತ್ತದಂತೆ. ಎಂಜಿನ್ ಏದುಸಿರು ಬಿಟ್ಟರೆ ಕೆಳಗಿನ ಗೇರು, ನಿರಾಳವಾಗಿದ್ದರೆ ಮೇಲಿನ ಗೇರು. ಎಂಟು ಸಿಲಿಂಡರು ಎಷ್ಟು ಗುಡುಗಿದರೂ ಅದು ಚಕ್ರಕ್ಕೆ ಮುಟ್ಟದಿದ್ದರೆ ಬರೀ ಗಲಾಟೆ ಎನ್ನುತ್ತಿದ್ದ. ಎಂಜಿನ್ ಕಟ್ಟುವವರ ಬಗ್ಗೆ ಅವನಿಗೆ ಸ್ವಲ್ಪ ತಾತ್ಸಾರವಿತ್ತು. ಅಪ್ಪ ರೋಗ ಪತ್ತೆಮಾಡುತ್ತಿದ್ದದ್ದು ಮೂಗಿನಿಂದ. ಕೆಂಪೆಣ್ಣೆಯ ಅಳತೆಕಡ್ಡಿಯನ್ನು ಎಳೆದು ಮೂಸಿ, ಕ್ಲಚ್ಚು ಸುಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ರಾಸ್ ಗಿರಾಕಿಗಳೆದುರು ಅಪ್ಪನ ಮೂಗಿಗೆ ವಿಮೆ ಮಾಡಿಸಬೇಕು ಎಂದು ತಮಾಷೆ ಮಾಡುತ್ತಿದ್ದನಂತೆ. ಇದನ್ನು ಅಪ್ಪ ಮನೆಯಲ್ಲಿ ಹೇಳಿದ್ದು ಒಂದೇ ಸಲ, ಅದೂ ಅಮ್ಮನಿಗೆ ಕೇಳುವ ಹಾಗೆ ನಮಗೆ.

ಗುಂಡುಗಳ ವಿಷಯದಲ್ಲಿ ಮನೆಗೆ ಒಂದು ನಿಯಮವಿತ್ತು. ಅಪ್ಪ ಅವನ್ನು ಸ್ಟೀಲಿನ ಮುಚ್ಚಳದಿಂದ ಒಂದೊಂದೇ ತೆಗೆದು ಜಾಗಕ್ಕೆ ಕೂರಿಸುವಾಗ ಯಾರೂ ಮಾತಾಡಬಾರದು. ಟಿವಿ ಬಂದ್, ಕುಕ್ಕರ್ ಬಂದ್. ಗುಂಡು ಬೀಳದಂತೆ ಅವನು ಕೂರಿಸುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರುತ್ತಿದ್ದ, ತುಟಿ ಒಡೆದರೆ ಹಚ್ಚುತ್ತೇವಲ್ಲ, ಅದೇ. ಗ್ರೀಸು ಹಾಕಿದರೆ ಕಾಲುವೆ ಕಟ್ಟಿಕೊಳ್ಳುತ್ತದೆ, ಜೆಲ್ಲಿ ಮಾತ್ರ ಕೆಲಸ ಮುಗಿದ ಮೇಲೆ ಬಿಸಿ ಎಣ್ಣೆಯಲ್ಲಿ ಕರಗಿ ಇಲ್ಲವಾಗುತ್ತದೆ. ಆ ಮೌನದಲ್ಲಿ ನಾನು ಎಷ್ಟೋ ಸಲ ನಿಂತಿದ್ದೇನೆ. ದೇವರ ಕೋಣೆ ಇಲ್ಲದ ಮನೆಯಲ್ಲಿ ಅದೇ ನಮ್ಮ ಪೂಜೆ ಎಂದು ಬರೆಯಲು ಕೈ ಹೋಗುತ್ತದೆ. ಬರೆಯುವುದಿಲ್ಲ. ಅಡಿಗೆಮನೆಯ ಕಪಾಟಿನಲ್ಲಿ ಅಮ್ಮ ಇಟ್ಟ ದೇವರಿತ್ತು, ಅದಕ್ಕೆ ಸಂಜೆ ದೀಪವೂ ಇತ್ತು. ಗೇರ್‌ಬಾಕ್ಸು ಗೇರ್‌ಬಾಕ್ಸೇ.

ರಾಸ್ ಸಿಡ್ನಿಯ ವರ್ಕ್‌ಶಾಪ್ ಮುಚ್ಚಿ ಮೆಲ್ಬರ್ನಿಗೆ ಹೋದಾಗ ನಾವೂ ಅವನ ಹಿಂದೆ ಹೋದೆವು. ವೀಸಾ ಅವನ ಹೆಸರಿಗೆ ಅಂಟಿಕೊಂಡಿತ್ತು, ಅವನು ಇರುವಲ್ಲಿ ನಾವು. ಕ್ರಾನ್‌ಬರ್ನಿನ ಒಂದು ಬಾಡಿಗೆ ಮನೆ, ಹೊಸ ಸಬರ್ಬ್, ಬೇಲಿಯಾಚೆ ಇನ್ನೂ ಕುದುರೆ ಮೇಯುತ್ತಿದ್ದ ಬಯಲು. ಮನೆಗೆ ಅಂಟಿಕೊಂಡೇ ಗ್ಯಾರೇಜು ಇದ್ದದ್ದರಿಂದ ಊಟದ ಮೇಜು ಪೂರ್ತಿ ನಮ್ಮದಾಯಿತು. ಅಮ್ಮನಿಗೆ ಅದು ಗೆಲುವು ಎನಿಸಬೇಕಿತ್ತು, ಆದರೆ ಅಷ್ಟು ದೊಡ್ಡ ಮೇಜಿನಲ್ಲಿ ನಾವು ದೂರ ದೂರ ಕೂತ ಹಾಗೆ ಕಾಣುತ್ತಿತ್ತು. ಲಾಂಡ್ರಿ ಮನೆಯ ಹಿಂದೆ, ಹೊರಗಿನಿಂದ ಹೋಗಬೇಕಾದ ಒಂದು ಶೀಟಿನ ಗೂಡು. ಅಲ್ಲಿ ಅಪ್ಪನ ಶೆಲ್ಫು. ಬೆನ್ನ ಮೇಲೆ ಕೆಂಪು ಗೆರೆಯಿರುವ ವಿಷದ ಜೇಡ ಅಲ್ಲಿ ಇದೆ ಎಂದು ಅನೂಪ ಒಂದು ದಿನ ಹೇಳಿದ್ದ. ನಾನು ನೋಡಿರಲಿಲ್ಲ. ನೋಡದೆ ಇದ್ದದ್ದರಿಂದ ಅದು ನನಗೆ ಪ್ರತಿ ಮೂಲೆಯಲ್ಲೂ ಇತ್ತು.

ಅಲ್ಲಿ ಚಳಿ ಶುರುವಾಗುವ ಜೂನ್ ಬರುವಾಗ ತೆಂಗಿನೆಣ್ಣೆ ಬಾಟಲಿಯೊಳಗೇ ಕಲ್ಲಾಯಿತು. ಅಮ್ಮ ಅದನ್ನು ಬಿಸಿನೀರಿನಲ್ಲಿ ಇಟ್ಟಳು, ಹೀಟರಿನ ಮುಂದೆ ಇಟ್ಟಳು, ಶಾಲೆಯ ಬಸ್ಸಿನ ಗಡಿಬಿಡಿಯಲ್ಲಿ ಅದು ಯಾವತ್ತೂ ಸಮಯಕ್ಕೆ ಕರಗುತ್ತಿರಲಿಲ್ಲ. ಕೊನೆಗೆ ಒಂದು ದಿನ ಪೂರ್ತಿ ಕರಗಿಸಿ, ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟಳು, ಬೆರಳು ಹಾಕಿ ತೆಗೆಯಲಿಕ್ಕೆ. ಖಾಲಿ ಡಬ್ಬಿ ಎಸೆಯುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಡಬ್ಬಿ ತೆರೆದರೆ ದೋಸೆ ಹಿಟ್ಟು, ಕಾಫಿ ಡಬ್ಬಿಯಲ್ಲಿ ಹುಣಸೆಹಣ್ಣು, ಬಿಸ್ಕೆಟ್ ಡಬ್ಬಿಯಲ್ಲಿ ಸೂಜಿದಾರ. ಅಮ್ಮನ ಕೈಗೆ ಸಿಕ್ಕಿದ್ದು ಅಪ್ಪ ಮುಗಿಸಿಟ್ಟ ಪೆಟ್ರೋಲಿಯಂ ಜೆಲ್ಲಿಯ ಬಿಳಿ ಡಬ್ಬಿ. ಅದನ್ನು ತೊಳೆದು, ಎಣ್ಣೆ ತುಂಬಿಸಿ, ಬಾತ್‌ರೂಮಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಮರುದಿನ ಬೆಳಿಗ್ಗೆ ಒಳಗೆ ನುಣ್ಣಗೆ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಲಾಂಡ್ರಿಯ ಶೆಲ್ಫಿನಲ್ಲಿ ಅದೇ ಲೇಬಲ್ಲಿನ ಹೊಸ ಡಬ್ಬಿ, ಅದರೊಳಗೂ ನುಣ್ಣಗೆ, ಬೆಳ್ಳಗೆ.

ಅದೇ ತಿಂಗಳು ರಾಸ್ ತನ್ನ ಸ್ವಂತ ಕಾರನ್ನು ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿದ. ತಿಳಿನೀಲಿ, ಎರಡು ಬಾಗಿಲು, ಮಡಚುವ ಮಾಡು. ಬೇರೆ ಕಡೆ ಎಂಜಿನ್ನನ್ನು ಹೊಸದಾಗಿ ಕಟ್ಟಿಸಿ ಮೊದಲಿಗಿಂತ ಜೋರು ಮಾಡಿಸಿದ್ದ. ಆ ಜೋರನ್ನು ತಡೆಯುವ ಹಾಗೆ ಗೇರ್‌ಬಾಕ್ಸಿನ ಎಣ್ಣೆಯ ಒತ್ತಡ ಏರಿಸಬೇಕು, ಗೇರು ಬದಲಾಗುವಾಗ ಎಳೆದಾಟ ಇರಬಾರದು. ಸಿಡ್ನಿಯಲ್ಲಿ ಹಳೆ ಕಾರುಗಳ ಒಂದು ಮೇಳ, ಹೆಂಡತಿಯ ಜೊತೆ ಅದರಲ್ಲೇ ಓಡಿಸಿಕೊಂಡು ಹೋಗುತ್ತೇನೆ, ಬಂದ ಮೇಲೆ ನಿನ್ನ ಪಿಆರ್ ಅರ್ಜಿಗೆ ಸೈನ್ ಹಾಕುತ್ತೇನೆ ಎಂದ. ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದನೋ, ನಡುವೆ ಚಹಾ ಕುಡಿದನೋ ಗೊತ್ತಿಲ್ಲ. ಪಿಆರ್ ಎಂದರೆ ಈ ದೇಶದಲ್ಲಿ ಕಾಯಂ ಉಳಿಯುವ ಅನುಮತಿ, ನಮ್ಮ ವೀಸಾಕ್ಕೆ ಆಗ ಕೆಲವು ತಿಂಗಳು ಮಾತ್ರ ಉಳಿದಿತ್ತು. ಅಮ್ಮ ಆ ದಿನ ಅವನಿಗೆ ಮಾಡಿಕೊಟ್ಟ ಬನ್ಸನ್ನು ಅವನು ಡೋನಟ್ ಎಂದು ಕರೆದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಕೆಲಸದ ದಿನ ಶನಿವಾರ. ಬೆಳಿಗ್ಗೆ ಅಮ್ಮ ಬಾತ್‌ರೂಮಿನ ಡಬ್ಬಿಯಿಂದ ಎಣ್ಣೆ ತೆಗೆದು, ಅಂಗೈಯಲ್ಲಿ ತಿಕ್ಕಿ ಕರಗಿಸಿ ನನ್ನ ತಲೆಗೆ ಹಚ್ಚಿ ಎರಡು ಜಡೆ ಹಾಕಿದಳು. ಆಮೇಲೆ ನಾನು ಗ್ಯಾರೇಜಿಗೆ ಹೋದೆ. ಕಾರು ನಾಲ್ಕು ಸ್ಟ್ಯಾಂಡುಗಳ ಮೇಲಿತ್ತು, ಅಪ್ಪ ಅದರಡಿಯಲ್ಲಿ ಬೆನ್ನ ಮೇಲೆ ಮಲಗಿದ್ದ, ಪಕ್ಕದಲ್ಲಿ ಹೀಟರು ಗುಂಯ್‌ಗುಡುತ್ತಿತ್ತು. ಜೆಲ್ಲಿ ಡಬ್ಬಿ ತರಲು ಮರೆತಿದ್ದ. ಕೆಳಗಿನಿಂದಲೇ ಬಿಳಿ ಡಬ್ಬಿ ತಾ ಮಗಾ ಎಂದ. ಲಾಂಡ್ರಿಗೆ ಹೋಗಲು ಹಿಂದಿನ ಬಾಗಿಲು ತೆರೆದೆ. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಗಟ್ಟಿಯಾಗಿತ್ತು, ಲಾಂಡ್ರಿಯ ಒಳಗೆ ಕತ್ತಲೆ, ಕತ್ತಲೆಯೊಳಗೆ ನಾನು ನೋಡದ ಜೇಡ. ಬಾಗಿಲು ಹಾಕಿ, ಬಾತ್‌ರೂಮಿಗೆ ಹೋಗಿ, ಕಟ್ಟೆಯ ಮೇಲಿನ ಡಬ್ಬಿ ತೆಗೆದುಕೊಂಡೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಇದೂ ಬಿಳಿ, ಇದೂ ಜಾರುತ್ತದೆ, ಏನಾಗುತ್ತದೆ ಮಹಾ ಎಂದು ಯೋಚಿಸಿದ ನೆನಪು. ಒಂಬತ್ತು ವರ್ಷದವಳು ಹೀಗೆ ವಾಕ್ಯ ಕಟ್ಟಿ ಯೋಚಿಸುತ್ತಾಳೆಯೇ? ಬಹುಶಃ ಏನೂ ಯೋಚಿಸದೆ ಕೈ ಚಾಚಿದೆ, ವಾಕ್ಯವನ್ನು ಆಮೇಲೆ ಸೇರಿಸಿದೆ. ಅನೂಪ ಈಗಲೂ ಫೋನಿನಲ್ಲಿ, ಡಬ್ಬಿ ತಂದದ್ದು ತಾನು ಎನ್ನುತ್ತಾನೆ.

"ಇಟ್ ವಾಸ್ ಮಿ, ಅಕ್ಕ. ಐ ರಿಮೆಂಬರ್ ದ ಕೋಲ್ಡ್ ಲಿಡ್."

ಅವನಿಗೆ ಆಗ ಆರು. ಮುಚ್ಚಳದ ತಣ್ಣನೆ ನನಗೂ ನೆನಪಿದೆ. ಒಂದೇ ಮುಚ್ಚಳದ ತಣ್ಣನೆ ಇಬ್ಬರ ಬೆರಳಲ್ಲಿ ಹೇಗೆ ಉಳಿಯಿತೋ. ಆದರೆ ಟಾರ್ಚ್ ಹಿಡಿದು ಕಾರಿನಡಿಗೆ ತೂರಿ ಅಪ್ಪನ ಪಕ್ಕ ಮಲಗಿದ್ದವಳು ನಾನೇ, ಇದರಲ್ಲಿ ತಕರಾರಿಲ್ಲ. ಅಪ್ಪನ ಎದೆಯ ಮೇಲೆ ಸ್ಟೀಲಿನ ಮುಚ್ಚಳ, ಅದರಲ್ಲಿ ಆರು ಗುಂಡು. ಅವನು ಡಬ್ಬಿಗೆ ಬೆರಳು ಹಾಕಿ, ಸವರಿ, ತಲೆಯ ಮೇಲಿನ ಕಾಲುವೆಗಳಲ್ಲಿ ಒಂದೊಂದೇ ಕೂರಿಸುತ್ತಾ ಹೋದ. ಯಾರೂ ಮಾತಾಡಬಾರದ ಹೊತ್ತು. ನನ್ನ ತಲೆ ಅವನ ಕಿವಿಗೆ ತಾಗುತ್ತಿತ್ತು. ಮುಚ್ಚಳ ಖಾಲಿಯಾಯಿತು. ಅಪ್ಪ ಹಲಗೆಯನ್ನು ಎತ್ತಿ ಹಿಡಿದು ಬೋಲ್ಟು ಹಾಕತೊಡಗಿದ. ಆಮೇಲೆ ಕೆಂಪೆಣ್ಣೆ ತುಂಬಿಸಿ ಬೀದಿಯಲ್ಲಿ ನಾಲ್ಕು ಸುತ್ತು ಓಡಿಸಿ ಬಂದ. ಮೆಲ್ಲಗೆ ಓಡಿಸಿದರೆ ಎಲ್ಲ ಸರಿಯಾಗಿಯೇ ಇತ್ತು.

ರಾಸ್ ಮರುವಾರ ಹೊರಟ. ಸಿಡ್ನಿಯ ದಾರಿಯಲ್ಲಿ, ಗೋಲ್ಬರ್ನ್ ಎಂಬ ಊರಿಗೆ ಮೊದಲು ಸಿಗುವ ಒಂದು ಉದ್ದನೆಯ ಏರಿನಲ್ಲಿ, ಲಾರಿಯೊಂದನ್ನು ದಾಟಲು ಅವನು ಪೆಡಲನ್ನು ನೆಲಕ್ಕೆ ಒತ್ತಿದ್ದಾನೆ. ಎಂಜಿನ್ ಕೂಗಿದೆ, ಕಾರು ಮುಂದೆ ಹೋಗಿಲ್ಲ. ಮತ್ತೆ ಮತ್ತೆ ಒತ್ತಿದ್ದಾನೆ. ಒಳಗೆ ಕ್ಲಚ್ಚು ಸುಟ್ಟು, ಎಣ್ಣೆ ಕುದಿದು ಉಕ್ಕಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಸುರಿದು ಬೆಂಕಿ ಹಿಡಿಯಿತು. ಹೆಂಡತಿ ಇಳಿದು ಓಡಿದಳು. ರಾಸ್ ಅವಳ ಕೈಚೀಲಕ್ಕೋಸ್ಕರ ವಾಪಸ್ಸು ಕೈ ಹಾಕಿದ. ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಎರಡು ಬೆರಳು ಆಮೇಲೆ ಯಾವತ್ತೂ ಮಡಚಲಿಲ್ಲ. ಕಾರಿನದು ಕಪ್ಪು ಹಂದರ ಮಾತ್ರ ಉಳಿಯಿತು. ಇವೆಲ್ಲ ಅಪ್ಪ ಆಸ್ಪತ್ರೆಗೆ ಹೋಗಿ ಬಂದು ನಿಂತಲ್ಲೇ ಹೇಳಿದ್ದು, ನಾನು ನೋಡಿದ್ದಲ್ಲ. ಆದರೂ ಹುಲ್ಲಿನ ಮೇಲೆ ನಿಂತ ಆ ಹೆಂಗಸು ನನಗೆ ಕಾಣುತ್ತಾಳೆ, ಅವಳ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲದಿದ್ದರೂ. ರಾಸ್ ದೂರಿದ್ದು ಎಂಜಿನ್ ಕಟ್ಟಿದವನನ್ನು. ಅಪ್ಪನಿಗೆ ಅವನು ಆಸ್ಪತ್ರೆಯ ಹಾಸಿಗೆಯಿಂದಲೇ ಹೇಳಿದ್ದನಂತೆ, ನಿನ್ನ ಕಾಗದ ಮರೆತಿಲ್ಲ, ಎಡಗೈಯಲ್ಲಿ ಸೈನ್ ಹಾಕಲು ಕಲಿಯುತ್ತಿದ್ದೇನೆ.

ಮುಂದಿನ ಭಾನುವಾರ ಅಪ್ಪ ಗ್ಯಾರೇಜು ಗುಡಿಸುತ್ತಿದ್ದ. ಹೀಟರನ್ನು ಎತ್ತಿದಾಗ ಅದರಡಿಯಲ್ಲಿ ಒಂದು ಗುಂಡು ಸಿಕ್ಕಿತು. ಆ ಗಾತ್ರದ ಗುಂಡು ಅವನು ಆ ಮನೆಗೆ ತಂದದ್ದು ಒಂದೇ ಕಾರಿಗೆ. ಜೆಲ್ಲಿಯಲ್ಲಿ ಕೂರಿಸಿದ್ದು ಹೇಗೆ ಬಿತ್ತು ಎಂದು ಅವನು ಬೆಂಚಿನ ಮೇಲೆ ಉಳಿದಿದ್ದ ಡಬ್ಬಿಯನ್ನು ತೆರೆದು ಮೂಸಿದ. ಬಾತ್‌ರೂಮಿನಲ್ಲಿ ಡಬ್ಬಿ ಕಾಣದೆ ಅಮ್ಮ ಅಷ್ಟರೊಳಗೆ ಹೊಸ ಬಾಟಲಿ ತೆರೆದಿದ್ದಳು. ನಮ್ಮನ್ನು ಕರೆದ. ನಾವು ಮೂವರೂ ಹೋದೆವು. ಡಬ್ಬಿಯಿಂದ ಒಂದು ಬೆರಳಷ್ಟು ತೆಗೆದು ಸ್ಟೀಲಿನ ಮುಚ್ಚಳಕ್ಕೆ ಸವರಿ, ಆ ಗುಂಡನ್ನು ಅದರಲ್ಲಿ ಅಂಟಿಸಿ, ಮುಚ್ಚಳವನ್ನು ಬೋರಲಾಗಿ ಹೀಟರಿನ ಎದುರು ಹಿಡಿದ. ಜೆಲ್ಲಿಯಾದರೆ ಅಷ್ಟು ಶಾಖಕ್ಕೆ ಜಗ್ಗುತ್ತಿರಲಿಲ್ಲ. ಇದು ಅಂಚಿನಲ್ಲಿ ಪಾರದರ್ಶಕವಾಯಿತು, ಆಮೇಲೆ ನೀರಾಯಿತು. ಗುಂಡು ಕಾಂಕ್ರೀಟಿನ ಮೇಲೆ ಬಿದ್ದು ಉರುಳಿಹೋಯಿತು. ಹೀಟರಿನ ಸದ್ದಿನಲ್ಲಿ ಅದು ಬಿದ್ದ ಸದ್ದು ಕೇಳಲೇ ಇಲ್ಲ.

"ಇದ್ರಲ್ಲಿ ತುಂಬಿಸಿದ್ದು ಯಾರು?"

"ನಾನು," ಎಂದಳು ಅಮ್ಮ. "ಬಾಟ್ಲಿಯಿಂದ ಬೀಳುದಿಲ್ಲ, ಮತ್ತೆ ಎಂತ ಮಾಡುದು?"

"ನನ್ನ ಶೆಲ್ಫಿಗೆ ಹೇಗೆ ಬಂತು?"

ಅಮ್ಮ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳು ಎಂದು ಅಳೆಯಲು ಹೋದರೆ ಅದು ಪ್ರತಿ ವರ್ಷ ಉದ್ದವಾಗುತ್ತಿದೆ. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬಟ್ಟೆ ಒಗಿಲಿಕ್ಕೆ ಹೋದಾಗ ನಾನೇ ಅಲ್ಲಿ ಇಟ್ಟು ಬಂದದ್ದಿರ್ಬೇಕು. ಮಕ್ಕಳಿಗೆ ಎಂತ ಗೊತ್ತಾಗ್ತದೆ, ಇದ್ದದ್ದನ್ನು ತಂದ್ರು."

ಗುಂಡು ಕೂರಿಸುವ ಹೊತ್ತಲ್ಲ ಅದು, ನಾನು ಮಾತಾಡಬಹುದಿತ್ತು. ಮಧ್ಯಾಹ್ನ ಊಟಕ್ಕೆ ಯಾರೂ ಕೂರಲಿಲ್ಲ. ಅಪ್ಪ ಅಂಗಿ ಬದಲಾಯಿಸಿ, ಗುಂಡನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ. ಅಮ್ಮನಿಗೆ ಅರ್ಥವಾಯಿತು. ಬಾಗಿಲಿಗೆ ಅಡ್ಡ ನಿಂತಳು.

"ಹೇಳ್ಬೇಡಿ. ಅವ ಸೈನ್ ಹಾಕ್ತೇನೆ ಅಂತ ಹೇಳಿದ್ದಾನಲ್ಲ. ಹಾಕಿದ ಮೇಲೆ ಬೇಕಾದ್ರೆ ಹೇಳಿ. ಈ ಮಕ್ಕಳ ಮುಖ ನೋಡಿ."

"ಎಂಜಿನ್ ಕಟ್ಟಿದವನಿಗೂ ಮಕ್ಕಳಿದ್ದಾರೆ."

"ಅವ ಯಾರು ಅಂತ ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲ."

ಹೋಗಿ ಹೇಳಿದ. ರಾಸ್ ಕೂಗಾಡಲಿಲ್ಲವಂತೆ. ಗುಂಡನ್ನು ಎಡಗೈಯಲ್ಲಿ ತೆಗೆದುಕೊಂಡು, ನಡೆ ಎಂದನಂತೆ. ಅಪ್ಪನ ಕೆಲಸ ಹೋಯಿತು, ಕಾಗದಕ್ಕೆ ಸೈನ್ ಬೀಳಲಿಲ್ಲ. ದೊಡ್ಡವಳಾದ ಮೇಲೆ ನಾನು ಇಬ್ಬರು ಮೆಕ್ಯಾನಿಕ್ಕುಗಳಲ್ಲಿ ವಿಚಾರಿಸಿದ್ದೇನೆ, ಯಾರದೋ ಕಥೆ ಎಂಬಂತೆ. ಒಂದು ಗುಂಡು ಇಲ್ಲದಿದ್ದರೆ ಎಣ್ಣೆ ಎರಡು ದಾರಿ ಹಿಡಿದು ಕ್ಲಚ್ಚು ಅರೆಬರೆ ಹಿಡಿಯುತ್ತದೆ, ಖಂಡಿತ ಸುಡುತ್ತದೆ ಎಂದ ಒಬ್ಬ. ಇನ್ನೊಬ್ಬ ತಲೆ ಅಲ್ಲಾಡಿಸಿ, ಅಷ್ಟು ಜೋರು ಮಾಡಿದ ಎಂಜಿನ್ನಿಗೆ ಆ ಹಳೇ ಗೇರ್‌ಬಾಕ್ಸು ಆರಲ್ಲ ಅರುವತ್ತು ಗುಂಡು ಇದ್ದರೂ ಬಾಳುತ್ತಿರಲಿಲ್ಲ ಎಂದ. ಇಬ್ಬರ ಮಾತನ್ನೂ ನಾನು ಇಟ್ಟುಕೊಂಡಿದ್ದೇನೆ. ಬೇಕಾದ ದಿನ ಬೇಕಾದ್ದನ್ನು ನಂಬುತ್ತೇನೆ.

ಆಮೇಲೆ ಮನೆಯಲ್ಲಿ ತೆಂಗಿನೆಣ್ಣೆ ಇರಲಿಲ್ಲ. ಯಾರೂ ಬೇಡ ಎಂದು ಹೇಳಿದ್ದಲ್ಲ, ಅಮ್ಮ ತರುವುದನ್ನು ನಿಲ್ಲಿಸಿದಳು. ಬಂಗುಡೆಯನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಹುರಿದಳು, ಪಲ್ಯಕ್ಕೂ ಅದೇ. ತಲೆಗೆ ಏನೂ ಇಲ್ಲ. ಅಪ್ಪ ಅವಳೊಂದಿಗೆ ನೇರವಾಗಿ ಮಾತಾಡುವುದನ್ನು ಬಿಟ್ಟ, ಎಲ್ಲವೂ ನಮ್ಮ ಮೂಲಕ. ಅಮ್ಮನಿಗೆ ಹೇಳು ಉಪ್ಪು ಕಡಿಮೆ ಅಂತ. ಅಮ್ಮನಿಗೆ ಹೇಳು ನಾಳೆ ಬರುವಾಗ ತಡ ಅಂತ. ಅಮ್ಮ ಅದೇ ಮೇಜಿನ ಇನ್ನೊಂದು ಕೊನೆಯಲ್ಲಿ ಕೂತಿರುತ್ತಿದ್ದಳು. ಅನೂಪ ಮೊದಮೊದಲು ಅದನ್ನು ಆಟ ಎಂದುಕೊಂಡು ಇಂಗ್ಲಿಷಿಗೆ ತಿರುಗಿಸಿ ದಾಟಿಸುತ್ತಿದ್ದ. ವೀಸಾ ಉಳಿಸಲು ಅಮ್ಮ ಹೇರ್‌ಡ್ರೆಸ್ಸಿಂಗ್ ಕೋರ್ಸಿಗೆ ಸೇರಿದಳು, ಆ ವರ್ಷಗಳಲ್ಲಿ ಪಿಆರ್‌ಗೆ ಅದೊಂದು ದಾರಿಯಿತ್ತು. ಊರಲ್ಲಿ ಬಿಎ ಓದಿದವಳು ಪ್ಲಾಸ್ಟಿಕ್ಕಿನ ಬೊಂಬೆ ತಲೆಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದು ಅದಕ್ಕೆ ಕತ್ತರಿ ಆಡಿಸಲು ಕಲಿತಳು. ಅದೂ ಊಟದ ಮೇಜಿನ ಮೇಲೆಯೇ, ಹಿಂದೆ ವಾಲ್ವ್ ಬಾಡಿ ಇರುತ್ತಿದ್ದ ಬದಿಯಲ್ಲಿ. ವರ್ಷಗಳ ಮೇಲೆ ಪಿಆರ್ ಬಂತು, ಅವಳ ಹೆಸರಿನಲ್ಲಿ. ಬಣ್ಣ ಹಚ್ಚುವ ಮದ್ದಿಗೆ ಅವಳ ಬೆರಳುಗಳು ಸಂದಿ ಸಂದಿಯಲ್ಲಿ ಒಡೆದಿದ್ದವು. ಅವಕ್ಕೆ ಅವಳು ಬಿಳಿ ಡಬ್ಬಿಯ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳುತ್ತಿದ್ದಳು. ಅಪ್ಪ ಕೊರಿಯರ್ ವ್ಯಾನ್ ಓಡಿಸಿದ. ಇನ್ನೊಂದು ಗೇರ್‌ಬಾಕ್ಸು ಬಿಚ್ಚಲಿಲ್ಲ. ರೆಂಟಿನ ಮನೆಯನ್ನು ಆಮೇಲೆ ನಾವೇ ಕೊಂಡೆವು, ಲಾಂಡ್ರಿಯ ಗೂಡು ಈಗಲೂ ಹಿಂದೆ ಇದೆ. ಅಲ್ಲಿ ಜೇಡ ನನಗೆ ಒಂದು ದಿನವೂ ಕಾಣಿಸಲಿಲ್ಲ.

ಅಮ್ಮ ಹೋಗಿ ಒಂದು ವರ್ಷದ ಮೇಲೆ ನಾನು ಕ್ರಾನ್‌ಬರ್ನಿಗೆ ಹೋದಾಗ ಅಪ್ಪ ಒಬ್ಬನೇ ಬಂಗುಡೆ ಹುರಿಯುತ್ತಿದ್ದ. ಅಪ್ಪನಿಗೆ ಆ ಚಳಿಗಾಲದಲ್ಲಿ ಎಷ್ಟು ವಯಸ್ಸಿತ್ತೋ ಅಷ್ಟು ಈಗ ನನಗೆ. ಅಮ್ಮ ಬದುಕಿದ್ದಾಗ ಹೇಳಬೇಕಾದ್ದನ್ನು ನಾನು ಅವನ ಬೆನ್ನಿಗೆ ಹೇಳಿದೆ.

"ಆ ಡಬ್ಬಿ ನಿಮ್ಮ ಶೆಲ್ಫಲ್ಲಿ ಇರ್ಲಿಲ್ಲ ಅಪ್ಪ. ನಾನು ಬಾತ್‌ರೂಮಿಂದ ತಂದದ್ದು. ಬೆಳಿಗ್ಗೆ ಅಮ್ಮ ಅದ್ರಿಂದ್ಲೇ ನನ್ನ ತಲೆಗೆ ಹಚ್ಚಿದ್ಲು. ಗೊತ್ತಿದ್ದೇ ತಂದೆ."

ಅವನು ಮೀನು ಮಗುಚಿದ.

"ವಾಸನೆ ಬಂದಿತ್ತು ನಂಗೆ," ಎಂದ. "ಕಾರಿನ ಅಡಿಯಲ್ಲಿ ಮಲಗಿದಾಗ್ಲೇ. ನಿನ್ನ ತಲೆದು ಅಂದ್ಕೊಂಡೆ."

ಅಳತೆಕಡ್ಡಿ ಮೂಸಿ ರೋಗ ಹೇಳುತ್ತಿದ್ದವನು. ಡಬ್ಬಿ ಅವನ ಕೈಯಲ್ಲಿತ್ತು, ನನ್ನ ತಲೆ ಅವನ ಕಿವಿಯ ಪಕ್ಕದಲ್ಲಿತ್ತು. ಗುಂಡು ಸಿಕ್ಕ ದಿನ ಡಬ್ಬಿ ಮೂಸಿದಾಗಲೇ, ಆ ವಾಸನೆ ನನ್ನ ತಲೆಯದಲ್ಲ, ಡಬ್ಬಿಯದು ಎಂದು ಅವನಿಗೆ ಹೊಳೆದಿರಬೇಕು. ಆದರೂ ಗುಂಡನ್ನು ಮಾತ್ರ ರಾಸ್ ಹತ್ತಿರ ಒಯ್ದ, ಈ ವಾಸನೆಯ ಮಾತನ್ನು ತನ್ನಲ್ಲೇ ಇಟ್ಟುಕೊಂಡ.

"ಅಮ್ಮನಿಗೆ ಹೇಳಿದ್ರಾ ಇದನ್ನು?"

ಅಪ್ಪ ಸ್ಟವ್ ಆರಿಸಿದ.

"ನೀನು ಹೇಳಿದ್ಯಾ?"

ನಾನು ಎರಡು ತಟ್ಟೆ ತೆಗೆದಿಟ್ಟೆ. ಮೀನು ಸೂರ್ಯಕಾಂತಿ ಎಣ್ಣೆಯಲ್ಲಿ ಹುರಿದದ್ದು. ಮೇಜಿನ ಎರಡು ಕೊನೆಗಳಲ್ಲಿ ಕೂತು ತಿಂದೆವು.